ಉದುರಿದ ಹಲ್ಲನ್ನು ಕಾದಿರಿಸುವ ವಿಚಾರ

ಮಗುವಿನ ಬಾಯಿಯಿಂದ ಉದುರಿದ ಹಾಲುಹಲ್ಲನ್ನು ಏನು ಮಾಡತಕ್ಕದ್ದೆಂಬುದು ನಮ್ಮ ಅಜ್ಜಿಯರಿಗೆ ಎಂದೂ ಪ್ರಶ್ನೆಯಾಗಿರಲಿಲ್ಲ. ಸಗಣಿಯ ಉಂಡೆಯೊಳಗೆ ಅದನ್ನು ಹುದುಗಿಸಿ, ಮೇಲೆ ಒಂದೆರಡು ಗರಿಕೆಯ ಎಸಳುಗಳನ್ನು ಚುಚ್ಚಿ, ಮಗುವಿನ ಕೈಯಿಂದಲೇ ಹೆಂಚಿನ ಮಾಡಿನ ಮೇಲಕ್ಕೆ ಎಸೆಯಿಸುತ್ತಿದ್ದರು. ಅಲ್ಲಿಗೆ ಆ ಹಲ್ಲಿನ ಚರಿತ್ರೆ ಮುಗಿಯುತ್ತಿತ್ತು. ಈಚೆಗೆ ಕೆಲವು ವರ್ಷಗಳಿಂದ ಅದು ಪ್ರಶ್ನೆಯಾಗಿ ನಮ್ಮ ಬಳಿಗೆ ಬರುತ್ತಲಿದೆ. ಸವಳಂಗದ ಸುತ್ತಣ ಹಳ್ಳಿಗಳಿಂದ ಬಂದು ಇಲ್ಲಿ ಕಲಿತು, ಈಗ ಶಿವಮೊಗ್ಗ, ದಾವಣಗೆರೆ, ಬೆಂಗಳೂರುಗಳಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಕೇಳುವುದೇನೆಂದರೆ: “ಮಕ್ಕಳ ಹಲ್ಲಿನೊಳಗೆ ಆಕರಕೋಶಗಳಿರುವುವಂತೆ, ಅವುಗಳನ್ನು ಹಿಮಗಟ್ಟಿಸಿ ಇಟ್ಟರೆ ಮುಂದೆ ದೊಡ್ಡ ರೋಗ ಬಂದಾಗ ಔಷಧವಾಗುವುದಂತೆ, ಹಣ ಕಟ್ಟಬಹುದೋ ಹೇಗೆ?” ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರವನ್ನು ಹೇಳುವುದಕ್ಕಿಂತ ಈ ಸ್ಮರಣ ಸಂಚಿಕೆಯಲ್ಲಿ ಪಾಠದ ರೂಪದಲ್ಲಿ ಅದನ್ನು ಬರೆದಿಡುವುದು ಯುಕ್ತವೆಂದು ನಮಗೆ ತೋರಿತು.

ಮೊದಲು ಹಲ್ಲಿನ ರಚನೆಯನ್ನು ನೆನಪಿಗೆ ತಂದುಕೊಳ್ಳೋಣ. ನಮ್ಮ ತರಗತಿಯಲ್ಲಿ ಚಿತ್ರ ಬರೆದು ಭಾಗಗಳನ್ನು ಗುರುತಿಸಿದವರಿಗೆ ಇದು ಹೊಸದಲ್ಲ. ಹೊರಗಡೆ ಎನಾಮಲ್ ಎಂಬ ಗಾಜಿನಂತಹ ಹೊದಿಕೆ. ದೇಹದಲ್ಲಿ ಅದಕ್ಕಿಂತ ಕಠಿಣವಾದ ವಸ್ತು ಮತ್ತೊಂದಿಲ್ಲ. ಅದರ ಒಳಗೆ ಡೆಂಟಿನ್ ಎಂಬ ಹಳದಿ ಛಾಯೆಯ ಗಟ್ಟಿ ಪದಾರ್ಥ. ನಟ್ಟನಡುವೆ, ಬೇರಿನ ತುದಿಯವರೆಗೂ ಇಳಿದಿರುವ ಸಣ್ಣ ಪೊಳ್ಳಿನಲ್ಲಿ, ಕೆಂಪಗೆ ಮೆತ್ತಗೆ ಇರುವ ತಿರುಳು. ರಕ್ತನಾಳಗಳೂ ನರಗಳೂ ಇರುವುದು ಅಲ್ಲಿಯೇ; ಹುಳುಕು ಅಲ್ಲಿಯವರೆಗೆ ಮುಟ್ಟಿದಾಗಲೇ ರಾತ್ರಿಯ ನಿದ್ರೆ ಕೆಡುವುದು. ಹಾಲುಹಲ್ಲುಗಳು ೨೦, ಶಾಶ್ವತ ಹಲ್ಲುಗಳು ೩೨. ಆರೇಳು ವರ್ಷದ ವಯಸ್ಸಿನಲ್ಲಿ ಕೆಳಗಣ ಮುಂದಿನ ಹಲ್ಲುಗಳಿಂದ ತೊಡಗಿ, ಹನ್ನೊಂದು ಹನ್ನೆರಡರ ಹೊತ್ತಿಗೆ ಹಾಲುಹಲ್ಲುಗಳೆಲ್ಲವೂ ಬಿದ್ದುಹೋಗುವುವು. ಕೆಳಗಿನಿಂದ ಹೊಸ ಹಲ್ಲು ಏರಿ ಬಂದಂತೆ ಹಳೆಯದರ ಬೇರು ಮೆಲ್ಲಮೆಲ್ಲನೆ ಕರಗುವುದು. ಆದುದರಿಂದಲೇ ಕೈಗೆ ಬಂದ ಹಾಲುಹಲ್ಲಿಗೆ ಬೇರೇ ಇಲ್ಲದಂತೆ ಕಾಣುತ್ತದೆ.

ಇನ್ನು ಆಕರಕೋಶವೆಂದರೇನು? ಪತ್ರಿಕೆಗಳಲ್ಲಿ ಇದನ್ನು ಕಾಂಡಕೋಶವೆಂದೂ, ಸ್ಟೆಮ್ ಸೆಲ್ ಎಂದೂ ಬರೆಯುವುದುಂಟು. ಒಕ್ಕಲುಮನೆಯ ಹೆಣ್ಣುಮಕ್ಕಳಿಗೆ ಇದನ್ನು ತಿಳಿಸಿಕೊಡುವುದು ಕಷ್ಟವಲ್ಲ. ಕಣದಿಂದ ಬಂದ ಕಾಳಿನಲ್ಲಿ ಬಹುಪಾಲು ಬೀಸುವ ಕಲ್ಲಿಗೆ ಹೋಗುವುದು. ಒಂದಿಷ್ಟನ್ನು ಮಾತ್ರ ಬಿತ್ತನೆಗೆಂದು ಬೇರೆ ತೆಗೆದಿಡುವರು. ನಮ್ಮ ದೇಹದ ಜೀವಕೋಶಗಳಲ್ಲಿಯೂ ಬಹುಪಾಲು ತಮ್ಮ ತಮ್ಮ ಉದ್ಯೋಗದಲ್ಲಿ ನಿಂತವುಗಳು: ನರದ ಕೋಶ ನರವೇ, ಸ್ನಾಯುವಿನ ಕೋಶ ಸ್ನಾಯುವೇ. ಬಿತ್ತನೆಯ ಕಾಳಿನಂತೆ ಬೇರೆ ಉಳಿದ ಕೆಲವು ಕೋಶಗಳು ಮಾತ್ರ ತಮ್ಮಂತಹವನ್ನೇ ಮತ್ತೆ ಹುಟ್ಟಿಸಿಕೊಳ್ಳುತ್ತಲೂ, ಬೇಕಾದಾಗ ಬೇರೆಬೇರೆ ಉದ್ಯೋಗದ ಕೋಶಗಳಾಗಿ ಮಾರ್ಪಡುತ್ತಲೂ ಇರುವುವು. ಆದರೆ ಒಂದು ಮಾತನ್ನು ಮರೆಯಕೂಡದು. ರಾಗಿಯ ಬೀಜದಿಂದ ಭತ್ತ ಬಾರದಂತೆ, ಎಲ್ಲ ಆಕರಕೋಶಗಳಿಂದಲೂ ಎಲ್ಲವೂ ಆಗಲಾರದು. ಎಲುಬಿನ ಮಜ್ಜೆಯಲ್ಲಿಯೂ ಹೊಕ್ಕುಳಬಳ್ಳಿಯ ರಕ್ತದಲ್ಲಿಯೂ ಇರುವ ಒಂದು ಬಗೆಯ ಕೋಶಗಳು ರಕ್ತವನ್ನು ಹುಟ್ಟಿಸುವುವು. ಹಲ್ಲಿನ ತಿರುಳಿನವು ಬೇರೊಂದು ಜಾತಿ. ಒಂದರ ಹೆಸರಿನಲ್ಲಿ ಬಂದ ಕೀರ್ತಿಯನ್ನು ಇನ್ನೊಂದರ ಮೈಮೇಲೆ ಹೊದಿಸುವುದೇ ಈ ವ್ಯಾಪಾರದಲ್ಲಿ ನಡೆಯುವ ಮೊದಲ ಕೈಚಳಕ.

ಹಲ್ಲಿನೊಳಗಣ ಆಕರಕೋಶದ ಕಥೆಯೇನೋ ನಿಜವಾದದ್ದು, ಕೇಳಲಿಕ್ಕೂ ಸೊಗಸಾದದ್ದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸ್ಟಾನ್ ಗ್ರಾಂಥೋಸ್, ಸಾಂಗ್‌ಟಾವ್ ಶಿ ಮೊದಲಾದವರು, ದೊಡ್ಡವರ ಕಿತ್ತ ಬುದ್ಧಿಹಲ್ಲುಗಳ ತಿರುಳಿನಲ್ಲಿ ಇಂತಹ ಕೋಶಗಳಿರುವುದನ್ನು ೨೦೦೦ದಲ್ಲಿ ಪ್ರಕಟಿಸಿದರು. ಅದಾದ ಮೇಲೆ ಶಿಯವರ ಆರು ವರ್ಷದ ಮಗಳ ಹಲ್ಲು ಉದುರಿತು. ತಂದೆ ಅದನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ, ಒಳಗೆ ಇನ್ನೂ ಕೆಂಪು ತಿರುಳು ಉಳಿದಿದೆ! ಮುಂದಿನ ಹಲ್ಲು ಬೀಳುವುದನ್ನೇ ಕಾದಿದ್ದು, ಅದನ್ನು ಒಣಗಗೊಡದೆ ಪೋಷಕ ದ್ರವದಲ್ಲಿ ಮುಳುಗಿಸಿ, ಪ್ರಯೋಗಶಾಲೆಗೆ ಒಯ್ದರು. ಮಕ್ಕಳ ಉದುರಿದ ಹಲ್ಲುಗಳಲ್ಲಿಯೂ ಜೀವಂತ ಆಕರಕೋಶಗಳಿರುವುವೆಂಬ ಲೇಖನ ೨೦೦೩ರಲ್ಲಿ ಹೊರಬಂದಿತು. ಲಕ್ಷಾಂತರ ತಾಯಂದಿರು ಕೈಯಲ್ಲಿ ಹಿಡಿದು ಎಸೆದ ವಸ್ತುವನ್ನು ಒಬ್ಬ ತಂದೆ ಎರಡನೆಯ ಸಲ ನೋಡಿದ್ದರಿಂದ ಒಂದು ಶೋಧವಾಯಿತು. ನಮ್ಮ ವಿಜ್ಞಾನದ ತರಗತಿಗಳಲ್ಲಿ ಈ ಕಥೆಯನ್ನು ತಪ್ಪದೆ ಹೇಳುತ್ತೇವೆ.

ಅದೇ ಲೇಖನದಲ್ಲಿ ಮತ್ತೊಂದು ಸಂಗತಿಯೂ ಉಂಟು. ಪ್ರಕಟನೆಗಳಲ್ಲಿ ಅದು ಕಾಣುವುದು ಅಪರೂಪ. ಒಂದೊಂದು ಹಾಲುಹಲ್ಲಿನಿಂದ ದೊರೆತ ಆಕರಕೋಶಗಳು ಸುಮಾರು ೧೨ರಿಂದ ೨೦ ಮಾತ್ರ. ಅವುಗಳನ್ನು ಪಾತ್ರೆಯಲ್ಲಿ ಸಾಕಿ ಹೆಚ್ಚಿಸಬೇಕು. ಹಲ್ಲು ಬಹುದಿನ ಅಲ್ಲಾಡುತ್ತ ತೂಗಾಡಿಕೊಂಡಿದ್ದರೆ ರಕ್ತಸಂಚಾರ ನಿಂತು ತಿರುಳೇ ಸತ್ತಿರುವುದು; ಹುಳುಕುಹಲ್ಲಿನ ಗತಿಯೂ ಅಷ್ಟೇ. ಲಕೋಟೆಯಲ್ಲಿಯೋ ಒಡವೆಯ ಪೆಟ್ಟಿಗೆಯಲ್ಲಿಯೋ ಇಟ್ಟ ಹಲ್ಲಿನಲ್ಲಿ ಜೀವವೆಂಬುದು ಉಳಿಯುವುದೇ ಇಲ್ಲ. ಆದುದರಿಂದ ನೆನಪಿಗೆಂದು ಹಲ್ಲನ್ನು ಜೋಪಾನಮಾಡಿರುವ ತಾಯಂದಿರು ಅದನ್ನು ನೆನಪಿಗೆಂದೇ ಇಟ್ಟುಕೊಳ್ಳಲಿ.

ಕಾದಿರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಟೊಮೇಟೊ ಹಣ್ಣನ್ನು ಫ್ರಿಜ್ಜಿನ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಮರುದಿನ ಹೊರಗೆ ತೆಗೆದರೆ ಅದು ನೀರುನೀರಾಗಿ ಕುಸಿದು ಬೀಳುವುದಷ್ಟೆ? ಕೋಶದೊಳಗಣ ನೀರು ಹರಳುಗಟ್ಟಿ ಹಿಗ್ಗಿ ಕೋಶದ ಗೋಡೆಯನ್ನು ಸೀಳಿಬಿಡುವುದೇ ಅದಕ್ಕೆ ಕಾರಣ. ಜೀವಕೋಶವನ್ನು ಕೊಲ್ಲದೆ ಹಿಮಗಟ್ಟಿಸುವ ಉಪಾಯ ತಿಳಿದದ್ದು ೧೯೪೯ರಲ್ಲಿ. ಲಂಡನಿನ ಬಳಿ ಮಿಲ್ ಹಿಲ್ ಎಂಬಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು, ಗ್ಲಿಸರಿನ್ ಬೆರೆಸಿದರೆ ಹುಂಜದ ವೀರ್ಯಾಣುಗಳು ಹಿಮದಲ್ಲಿಯೂ ಬದುಕುವುವೆಂದು ಕಂಡರು. ಚೀಟಿ ತಪ್ಪಿದ ಒಂದು ಸೀಸೆಯಿಂದ ಅದು ಆಕಸ್ಮಿಕವಾಗಿ ತಿಳಿದುಬಂದಿತಂತೆ! ಪ್ರಯೋಗಶಾಲೆಯಲ್ಲಿ ಸೀಸೆಗಳಿಗೆ ಸರಿಯಾಗಿ ಚೀಟಿ ಅಂಟಿಸಿರೆಂದು ನಾವು ದಿನವೂ ಗದರುವವರು. ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಕೊಂಚ ಹಿಂಜರಿಯುತ್ತೇವೆ. ಹತ್ತು ವರ್ಷಗಳ ತರುವಾಯ ಲವ್‌ಲಾಕ್ ಮತ್ತು ಬಿಷಪ್ ಎಂಬವರು ಅದೇ ಕೆಲಸಕ್ಕೆ ಡಿ. ಎಂ. ಎಸ್. ಓ. ಎಂಬ ಮತ್ತೊಂದು ದ್ರವವನ್ನು ತೋರಿಸಿದರು. ಈಗ ಹಲ್ಲಿನ ಕೋಶಗಳಿಗೆ ಅದನ್ನು ಬೆರೆಸಿ, ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ನಿಧಾನವಾಗಿ ತಂಪುಮಾಡುತ್ತ ಹೋಗಿ, ಕಡೆಗೆ ದ್ರವರೂಪದ ಸಾರಜನಕದಲ್ಲಿ ಇಳಿಬಿಡುವರು. ಅಲ್ಲಿನ ಶೈತ್ಯವು ಸೊನ್ನೆಗಿಂತ ೧೯೬ ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಷ್ಟು ಚಳಿಯಲ್ಲಿ ಕೋಶವು ಉಣ್ಣದು, ಬೆಳೆಯದು, ಸಾಯದು.

ಇದು ನಮ್ಮ ಹಳ್ಳಿಗಳಿಗೆ ಅಪರಿಚಿತವಾದ ವಿದ್ಯೆಯೇನೂ ಅಲ್ಲ. ಹಸು ಬೆದೆಗೆ ಬಂದಾಗ ಪಶುವೈದ್ಯರು ಬೆಳ್ಳಗೆ ಹೊಗೆಯಾಡುವ ಕೊಡದೊಳಗಿಂದ ಒಂದು ಸಣ್ಣ ನಳಿಕೆಯನ್ನು ಚಿಮಟಿಗೆಯಿಂದ ಎತ್ತುವುದನ್ನು ನೋಡದವರು ಯಾರು? ಆ ಕೊಡದಲ್ಲಿರುವುದೂ ಅದೇ ದ್ರವ ಸಾರಜನಕ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಹೋರಿಗಳ ವೀರ್ಯವನ್ನು ಹೀಗೆ ಹಿಮಗಟ್ಟಿಸುವ ಕೇಂದ್ರ ಸರ್ಕಾರದ ಸಂಸ್ಥೆ ೧೯೬೯ರಲ್ಲಿ ಸ್ಥಾಪಿತವಾಯಿತು. ಆ ನಳಿಕೆಗೂ ಹಲ್ಲಿನ ದಾಸ್ತಾನಿಗೂ ಇರುವ ಭೇದವಿಷ್ಟೆ: ನಳಿಕೆಯನ್ನು ಇಟ್ಟವನಿಗೆ ಅದರಿಂದ ಏನಾಗುವುದೆಂದು ಗೊತ್ತು, ಕರು ಹುಟ್ಟಿ ಹಟ್ಟಿಯಲ್ಲಿ ಜಿಗಿದಾಡುತ್ತಲೂ ಇದೆ. ಹಲ್ಲನ್ನು ಇಟ್ಟವರಿಗೆ ಆ ನಿಶ್ಚಯ ಇನ್ನೂ ಇಲ್ಲ.

ಇಲ್ಲಿ ಕನ್ನಡ ವ್ಯಾಕರಣದ ಪಾಠ ನಮ್ಮ ಸಹಾಯಕ್ಕೆ ಬರುತ್ತದೆ. ‘ಆಯಿತು’ ಎಂಬುದು ಭೂತಕಾಲ. ‘ಆದೀತು’, ‘ಬಂದೀತು’ ಎಂಬವು ಸಂಭಾವನಾರ್ಥಕ. ‘ಆಗಬಹುದು’ ಎಂಬುದು ಅದರ ನೆಂಟ. ಹಲ್ಲಿನ ಬ್ಯಾಂಕಿನ ಪ್ರಕಟನಪತ್ರವನ್ನು ಕೈಯಲ್ಲಿ ಹಿಡಿದು, ಸೀಸದ ಕಡ್ಡಿಯಿಂದ ಕ್ರಿಯಾಪದಗಳ ಕೆಳಗೆ ಮಾತ್ರ ಗೆರೆ ಎಳೆಯುತ್ತ ಹೋಗಿರಿ. ಸಕ್ಕರೆ ರೋಗ ವಾಸಿಯಾಗಬಹುದು, ಪಾರ್ಕಿನ್ಸನ್ ಎಂಬ ನಡುಕದ ರೋಗ ಹೋಗಬಹುದು, ಬೆನ್ನುಹುರಿಯ ಗಾಯ ಮಾಗಬಹುದು: ಹಾಳೆಯ ತುಂಬ ಬಹುದುಗಳೇ. ಆ ಪ್ರಯೋಗಗಳಲ್ಲಿ ಹೆಚ್ಚಿನವು ಗಾಜಿನ ತಟ್ಟೆಯಲ್ಲಿಯೋ ಇಲಿಗಳ ಮೇಲೋ ನಡೆದವು. ‘ಆಯಿತು’ ಎಂದು ಹೇಳತಕ್ಕವು ಬಹಳ ಕಡಮೆ, ಅವೂ ಹಲ್ಲಿಗೇ ಸಂಬಂಧಪಟ್ಟವು. ಜಪಾನಿನಲ್ಲಿ ನಕಾಶಿಮಾ ಎಂಬ ವಿದುಷಿಯೂ ಅವರ ಸಂಗಡಿಗರೂ ಐವರು ರೋಗಿಗಳ ಕೆಟ್ಟ ತಿರುಳಿನ ಸ್ಥಾನದಲ್ಲಿ, ಅವರವರದೇ ಬೇರೆ ಹಲ್ಲಿನ ಕೋಶಗಳನ್ನು ಇಟ್ಟು ಪರೀಕ್ಷಿಸಿದ ವರದಿ ೨೦೧೭ರಲ್ಲಿ ಬಂದಿತು. ಚೀನಾದ ಶೀಆನ್ ನಗರದಲ್ಲಿ ೪೦ ಮಂದಿಯನ್ನು ಆರಿಸಿ, ಪೆಟ್ಟು ಬಿದ್ದು ತಿರುಳು ಸತ್ತಿದ್ದ ಮುಂದಿನ ಹಲ್ಲುಗಳಿಗೆ, ಅವರಲ್ಲಿ ೩೦ ಮಂದಿಗೆ ಅವರದೇ ಹಾಲುಹಲ್ಲಿನ ಕೋಶಗಳನ್ನೂ ಉಳಿದವರಿಗೆ ವಾಡಿಕೆಯ ಚಿಕಿತ್ಸೆಯನ್ನೂ ಗೊತ್ತುಮಾಡಿದರು. ವರ್ಷ ಕಳೆದ ಮೇಲೆ ನೋಡಲಾಗಿ, ಕೋಶಗಳನ್ನು ಪಡೆದ ಹಲ್ಲುಗಳಲ್ಲಿ ರಕ್ತಸಂಚಾರವೂ ಸ್ಪರ್ಶಜ್ಞಾನವೂ ಮರಳಿದ್ದವು, ಬೇರೂ ಬೆಳೆದಿತ್ತು; ೨೦೧೮ರ ವರದಿಯಿದು. ಬಹಳ ಸಂತೋಷಪಡತಕ್ಕ ಕೆಲಸವೇ ಸರಿ. ಆದರೆ ಗಮನಿಸಿರಿ: ಆ ಹಾಲುಹಲ್ಲನ್ನು ತೆಗೆದದ್ದು ಪೆಟ್ಟು ಬಿದ್ದ ಮೇಲೆ, ಆಗಲೂ ಮಗುವಿನ ಬಾಯಿಯಲ್ಲಿ ಇದ್ದದ್ದನ್ನು.

ಇನ್ನೊಂದು ಮಾತನ್ನು ಆ ಪತ್ರಗಳು ಅವಸರದ ಧ್ವನಿಯಲ್ಲಿ ಹೇಳುವುವು: ಈ ಅವಕಾಶ ತಪ್ಪಿದರೆ ಮತ್ತೆ ಬಾರದೆಂದು. ಅದು ಸರಿಯಲ್ಲ. ಬುದ್ಧಿಹಲ್ಲಿನ ತಿರುಳಿನಲ್ಲಿಯೂ ಈ ಬಗೆಯ ಕೋಶಗಳುಂಟು. ಎಲುಬಿನ ಮಜ್ಜೆಯಲ್ಲಿಯೂ ಮೈಯ ಕೊಬ್ಬಿನಲ್ಲಿಯೂ ಅದೇ ಕುಲದವು ಇವೆ. ಅದೂ ಅಲ್ಲದೆ ಜಪಾನಿನ ಯಮನಾಕ ಎಂಬ ವಿಜ್ಞಾನಿ, ಸಾಮಾನ್ಯ ಚರ್ಮದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಆಕರಕೋಶವನ್ನಾಗಿ ಮಾಡುವ ಮಾರ್ಗವನ್ನು ೨೦೦೬ರಲ್ಲಿ ಇಲಿಯ ಕೋಶಗಳಲ್ಲಿಯೂ, ಮರುವರ್ಷ ಮನುಷ್ಯರ ಕೋಶಗಳಲ್ಲಿಯೂ ತೋರಿಸಿ, ೨೦೧೨ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಮುಂದೆ ಈ ವಿದ್ಯೆ ಫಲಿಸಿದ ದಿನ ಚರ್ಮವಂತೂ ಮೈಮೇಲೆ ಇದ್ದೇ ಇರುವುದು. ಹೊಕ್ಕುಳಬಳ್ಳಿಯ ರಕ್ತದಿಂದ ಮೊದಲು ಬದುಕಿದ ಹುಡುಗನ ಕಥೆಯೂ ಇಲ್ಲಿ ತಿಳಿಯತಕ್ಕದ್ದು. ೧೯೮೮ರಲ್ಲಿ ಪ್ಯಾರಿಸ್ ನಗರದಲ್ಲಿ ಎಲಿಯಾನ್ ಗ್ಲುಕ್‌ಮನ್ ಎಂಬ ವೈದ್ಯೆ ಅವನಿಗೆ ಕೊಟ್ಟದ್ದು ಅವನ ಸ್ವಂತದ್ದನ್ನಲ್ಲ, ಆಗ ಹುಟ್ಟಿದ ತಂಗಿಯ ರಕ್ತವನ್ನು. ಅವನಿಗಿದ್ದ ರೋಗ ಹುಟ್ಟಿನಿಂದ ಬಂದದ್ದು. ಸ್ವಂತ ಕೋಶಗಳಲ್ಲಿ ಅದೇ ದೋಷ ಇರುತ್ತಿತ್ತು. ತನ್ನದನ್ನು ತಾನೇ ಕೂಡಿಟ್ಟುಕೊಳ್ಳುವುದು ಯಾವಾಗಲೂ ಲಾಭವೆಂಬ ಎಣಿಕೆ ವೈದ್ಯಶಾಸ್ತ್ರದಲ್ಲಿ ನಿಲ್ಲದು.

ಸರ್ಕಾರದ ಮಾತೇನು? ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೂಡಿ ೨೦೧೭ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ವಿಷಯ ಸ್ಪಷ್ಟವಾಗಿದೆ. ಹೊಕ್ಕುಳಬಳ್ಳಿಯ ರಕ್ತವೊಂದನ್ನು ಬಿಟ್ಟು ಹಲ್ಲು ಮೊದಲಾದ ಬೇರೆ ಯಾವ ವಸ್ತುವನ್ನೂ ವ್ಯಾಪಾರಕ್ಕಾಗಿ ಹೀಗೆ ದಾಸ್ತಾನಿಡುವುದಕ್ಕೆ ಅನುಮತಿಯಿಲ್ಲವೆಂದೂ, ಇವುಗಳಿಂದ ರೋಗಿಗೆ ಪ್ರಯೋಜನವಾಗುವುದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದೂ, ಜಾಹೀರಾತುಗಳು ಜನರ ದಾರಿ ತಪ್ಪಿಸುವುವೆಂದೂ ಅದರಲ್ಲಿ ಬರೆದಿದೆ. ಅನುಮತಿ ಪಡೆದು ನಡೆಯುವ ನಿಜವಾದ ಪ್ರಯೋಗಚಿಕಿತ್ಸೆಯಾದರೋ, ರೋಗಿಯಿಂದ ಅದಕ್ಕೆ ಹಣ ತೆಗೆದುಕೊಳ್ಳತಕ್ಕದ್ದಲ್ಲ. “ಪ್ರಯೋಗವೆಂದಿರಿ, ಹಾಗಾದರೆ ಹಣವೇಕೆ?” ಎಂದು ಕೇಳುವ ಧೈರ್ಯ ನಮ್ಮಲ್ಲಿ ಕಲಿತ ಹೆಣ್ಣುಮಕ್ಕಳಿಗೆ ಇರಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿಯನ್ನು, ಅವಳ ಒಪ್ಪಿಗೆಯಿಂದ, ಹೆಸರು ಹೇಳದೆ ಬರೆಯುತ್ತೇವೆ. ಅವಳ ಮಗಳಿಗೆ ಎಳೆತನದಿಂದಲೇ ಸಕ್ಕರೆ ರೋಗ. ದಿನವೂ ಇನ್ಸುಲಿನ್ ಚುಚ್ಚಬೇಕು. ಮೆಕ್ಕೆಜೋಳ ಮಾರಿ ಬಂದ ಹಣದಲ್ಲಿ ಮಗಳ ಎರಡು ಹಲ್ಲುಗಳಿಗಾಗಿ ಮೊದಲನೆಯ ಕಂತನ್ನು ಕಟ್ಟಿಯಾಗಿತ್ತು. ಎರಡನೆಯದಕ್ಕೆ ಕಿವಿಯ ಓಲೆಗಳನ್ನು ಅಡವಿಡುವ ಮುಂಚೆ ಒಂದು ಮಾತು ಕೇಳಿಹೋಗೋಣವೆಂದು ಶಾಲೆಗೆ ಬಂದಳು. “ಮೇಡಂ, ನಾಳೆ ಔಷಧ ಬಂದ ಮೇಲೆ, ಅಮ್ಮ ಹಲ್ಲು ಇಡಲಿಲ್ಲ ಅಂತ ಅವಳು ನನ್ನ ಕೇಳಿದರೆ?” ಎಂದಳು. ಪ್ರಶ್ನೆ ಹಗುರವಾದದ್ದಲ್ಲ, ತಾಯಿಯ ಭಯವನ್ನು ಮಾರಿ ಬದುಕುವವರ ಮೇಲೆ ನಮಗೆ ಬಂದ ಸಿಟ್ಟೂ ಹಗುರವಾಗಿರಲಿಲ್ಲ. ನಾವು ಅವಳನ್ನು ಕೂರಿಸಿಕೊಂಡು ಮೇಲೆ ಬರೆದುದೆಲ್ಲವನ್ನೂ ಹೇಳಿದೆವು. ೧೯೨೨ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು, ಅವನು ಬದುಕಿದನು. ಅದು ‘ಆಯಿತು’ ಎಂಬ ಕ್ರಿಯಾಪದ. ಓಲೆ ಅಡವಿಡಲೇಬೇಕಾದರೆ ಮಗುವಿನ ಇನ್ಸುಲಿನ್ನಿಗೂ ರಕ್ತ ಪರೀಕ್ಷೆಯ ಪಟ್ಟಿಗಳಿಗೂ ಇಡು ಎಂದೆವು. ಓಲೆಗಳು ಅವಳ ಕಿವಿಯಲ್ಲಿಯೇ ಇವೆ. ಕಟ್ಟಿದ ಹಣ ಮಾತ್ರ ಮರಳಲಿಲ್ಲ.

ಹಾಗಾದರೆ ಹಲ್ಲನ್ನು ಕೂಡಿಡುವುದೇ ವ್ಯರ್ಥವೋ ಎಂದರೆ, ಹಾಗೆಂದಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ೧೯೫೮ರಿಂದ ಮುಂದೆ ತಾಯಂದಿರೂ ಮಕ್ಕಳೂ ಉದುರಿದ ಹಲ್ಲುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸಿದರು. ಅಣುಬಾಂಬಿನ ಪರೀಕ್ಷೆಗಳಿಂದ ಬಂದ ವಿಷಧೂಳು ಹಾಲಿನ ಮೂಲಕ ಮಕ್ಕಳ ಎಲುಬನ್ನು ಸೇರಿದೆಯೋ ಎಂದು ನೋಡಲು ಲೂಯಿಸ್ ರೀಸ್ ಎಂಬ ವೈದ್ಯೆಯ ಮೇಲ್ವಿಚಾರಣೆಯಲ್ಲಿ ನಡೆದ ಕೆಲಸವದು. ಮೂರು ಲಕ್ಷಕ್ಕೂ ಮೇಲ್ಪಟ್ಟು ಹಲ್ಲುಗಳು ಕೂಡಿದವು. ಹಲ್ಲು ಕೊಟ್ಟವರು ಹಣ ತೆರಲಿಲ್ಲ. ಮಕ್ಕಳಿಗೆ ಒಂದು ಪದಕ ಸಿಕ್ಕಿತು. ನಮ್ಮ ನಾಡಿನಲ್ಲಿಯೂ ಬೆಂಗಳೂರಿನಲ್ಲಿ, ಮಂಗಳೂರಿನ ಬಳಿಯ ದೇರಳಕಟ್ಟೆಯಲ್ಲಿ, ಕಿತ್ತ ಹಲ್ಲುಗಳ ತಿರುಳಿನಿಂದ ಕೋಶಗಳನ್ನು ಬೆಳೆಸಿ ಅಭ್ಯಾಸಮಾಡುವ ಸಂಶೋಧಕರಿದ್ದಾರೆ. ದಂತವೈದ್ಯಕೀಯ ಕಾಲೇಜುಗಳಲ್ಲಿ ಹಲ್ಲು ಕೀಳಿಸಿಕೊಂಡಾಗ, ಅಧ್ಯಯನಕ್ಕೆ ಅದನ್ನು ಕೊಡುವಿರಾ ಎಂದು ಯಾರಾದರೂ ಒಪ್ಪಿಗೆಪತ್ರವನ್ನು ಮುಂದಿಟ್ಟರೆ, ಓದಿ ನೋಡಿ ಸಂತೋಷವಾಗಿ ಕೊಡಬಹುದು.

ಕೊನೆಗೆ, ನಿಜವಾಗಿ ಕಾದಿರಿಸಬಹುದಾದ ಹಲ್ಲೊಂದುಂಟು. ಅದರ ವಿಷಯ ಮನೆಮನೆಗೂ ಗೊತ್ತಿರಬೇಕು. ಆಟದಲ್ಲಿಯೋ ಬೈಸಿಕಲ್ಲಿನಿಂದ ಬಿದ್ದೋ ಮಗುವಿನ ಶಾಶ್ವತ ಹಲ್ಲು ಬೇರುಸಹಿತ ಕಳಚಿ ಬಿದ್ದರೆ, ಕೂಡಲೇ ಅದನ್ನು ಹುಡುಕಿ ಎತ್ತಿಕೊಳ್ಳಿರಿ. ಬಿಳಿಯ ಭಾಗವನ್ನು ಹಿಡಿಯಿರಿ, ಬೇರನ್ನು ಮುಟ್ಟಬೇಡಿರಿ, ಉಜ್ಜಬೇಡಿರಿ. ಬೇರಿನ ಮೇಲಣ ತೆಳುಪೊರೆಯಲ್ಲಿ ಜೀವಕೋಶಗಳಿವೆ. ಹಲ್ಲು ಮತ್ತೆ ಕಚ್ಚಿಕೊಳ್ಳುವುದು ಅವುಗಳ ಬಲದಿಂದಲೇ. ಮಣ್ಣಾಗಿದ್ದರೆ ಕೆಲವೇ ಕ್ಷಣ ಹಾಲಿನಲ್ಲಿಯೋ ತಣ್ಣೀರಿನಲ್ಲಿಯೋ ಅದ್ದಿ ತೆಗೆಯಿರಿ. ಮಗು ಎಚ್ಚರವಾಗಿದ್ದರೆ ಅದೇ ಗುಳಿಗೆ ನೇರವಾಗಿ ಕೂರಿಸಿ, ಶುಭ್ರವಾದ ಕರವಸ್ತ್ರವನ್ನು ಕಚ್ಚಿಸಿರಿ. ಅದು ಸಾಧ್ಯವಾಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಲ್ಲನ್ನು ಮುಳುಗಿಸಿ ದಂತವೈದ್ಯರಲ್ಲಿಗೆ ಒಯ್ಯಿರಿ. ಬರಿಯ ನೀರಿನಲ್ಲಿ ಇಡಕೂಡದು. ಕೋಶಗಳು ನೀರು ಹೀರಿ ಒಡೆಯುವುವು. ಹಾಲಿನ ಸಾಂದ್ರತೆ ನಮ್ಮ ದೇಹದ ದ್ರವಕ್ಕೆ ಹೊಂದುವುದರಿಂದ ಅದರಲ್ಲಿ ಅವು ಕೆಲವು ಕಾಲ ಬದುಕಿರುವುವು. ಅರ್ಧ ಗಂಟೆಯೊಳಗಾದರೆ ಉತ್ತಮ, ಒಂದು ಗಂಟೆ ಮೀರಕೂಡದು. ಸವಳಂಗದಿಂದ ಶಿವಮೊಗ್ಗಕ್ಕೆ ವಾಹನ ಸಿಕ್ಕಿದರೆ ಅಷ್ಟು ಹೊತ್ತು ಸಾಕು. ಹಾಲುಹಲ್ಲು ಹೀಗೆ ಬಿದ್ದರೆ ಮಾತ್ರ ಮರಳಿ ಕೂರಿಸತಕ್ಕದ್ದಲ್ಲ, ಕೆಳಗಿರುವ ಹೊಸ ಹಲ್ಲಿಗೆ ಕೇಡಾಗುವುದು.

ನಮ್ಮ ಹುಡುಗಿಯರು ಖೊಖೊ, ಕಬಡ್ಡಿ ಪಂದ್ಯಗಳಿಗೆ ನ್ಯಾಮತಿಗೋ ಹೊನ್ನಾಳಿಗೋ ಹೊರಟಾಗ, ವ್ಯಾಯಾಮ ಶಿಕ್ಷಕಿಯ ಚೀಲದಲ್ಲಿ ಅಯೋಡಿನ್, ಹತ್ತಿ, ಪಟ್ಟಿಗಳ ಜೊತೆಗೆ ಬಹುದಿನ ಕೆಡದಿರುವ ನಂದಿನಿ ಗುಡ್‌ಲೈಫ್ ಹಾಲಿನ ಒಂದು ಪೊಟ್ಟಣವೂ ಮುಚ್ಚಳವಿರುವ ಸಣ್ಣ ಡಬ್ಬಿಯೂ ಇರುವಂತೆ ಏರ್ಪಡಿಸಿದ್ದೇವೆ. ಇದುವರೆಗೆ ಹಲ್ಲಿಗಾಗಿ ಅದನ್ನು ಒಡೆಯುವ ಪ್ರಸಂಗ ಬಂದಿಲ್ಲ. ಪಂದ್ಯ ಮುಗಿದ ಸಾಯಂಕಾಲ ಹುಡುಗಿಯರು ಚಹಾಕ್ಕೆಂದು ಅದನ್ನು ಕೇಳುವುದುಂಟು, ಶಿಕ್ಷಕಿಯವರು ಕೊಡುವುದಿಲ್ಲ.